ಅಜ್ಜಿಯ ಒಂಬತ್ತು, ಮೊಮ್ಮಗಳ ಎಂಟು

ಮಕ್ಕಳೇ, ಅಜ್ಜ-ಅಜ್ಜಿಯರೇ, ಎಲ್ಲರೂ ಸ್ವಲ್ಪ ಹತ್ತಿರ ಬನ್ನಿ. ಈ ವಾರ ನಮ್ಮ ಅಂಕಣದಲ್ಲಿ ಒಂದು ಪಂಚಾಯಿತಿ ಇದೆ. ಜಗಳ ಆಸ್ತಿಗಲ್ಲ, ಒಂದು ಪದಕ್ಕೆ.

ನಮ್ಮ ಬೀದಿಯಲ್ಲಿ ಆರನೇ ತರಗತಿಯ ಒಬ್ಬ ಹುಡುಗಿ ಇದ್ದಾಳೆ. ಹೆಸರು ಬೇಡ, ಪುಟ್ಟಿ ಎನ್ನೋಣ. ಅವಳ ಕಿರುಪರೀಕ್ಷೆಯಲ್ಲಿ ‘ಸೌರಮಂಡಲದ ಗ್ರಹಗಳನ್ನು ಹೆಸರಿಸಿ’ ಎಂಬ ಪ್ರಶ್ನೆ ಬಂತು. ಹಿಂದಿನ ರಾತ್ರಿ ಕರೆಂಟು ಹೋಗಿತ್ತು, ಪುಸ್ತಕ ತೆರೆಯಲಾಗಿರಲಿಲ್ಲ. ಕತ್ತಲಲ್ಲಿ ಅಜ್ಜಿಯನ್ನು ಕೇಳಿದ್ದಳು. ಅಜ್ಜಿ ಒಂದೇ ಉಸಿರಿಗೆ ಹೇಳಿದ್ದರು: ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ಪುಟ್ಟಿ ಹಾಗೆಯೇ ಬರೆದಳು. ನಾಲ್ಕಕ್ಕೆ ಸೊನ್ನೆ ಬಂತು.

ಮನೆಗೆ ಬಂದವಳೇ ಚೀಲ ಎಸೆದು, “ಅಜ್ಜಿ, ನೀನು ಹೇಳಿದ್ದೆಲ್ಲ ಸುಳ್ಳು. ಗ್ರಹ ಇರೋದು ಎಂಟೇ. ಇನ್ನು ನಿನ್ನ ಏನೂ ಕೇಳಲ್ಲ” ಎಂದಳು. ಅಜ್ಜಿ ಏನೂ ಹೇಳಲಿಲ್ಲ. ಆ ರಾತ್ರಿ ಕಥೆಯೂ ಹೇಳಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಹಾಲಿನ ಅಂಗಡಿಯ ಹತ್ತಿರ ಸಿಕ್ಕಾಗ ನನ್ನೊಡನೆ ಹೇಳಿದರು: “ನಂಗೆ ಓದು ಬರಲ್ಲ ಅಂತ ಗೊತ್ತಿತ್ತು. ಆಕಾಶವೂ ಬರಲ್ಲ ಅಂತ ಗೊತ್ತಿರಲಿಲ್ಲ.”

ಆ ಮಾತು ನನಗೆ ಸರಿ ಬರಲಿಲ್ಲ. ಬೆಳ್ಳಿ ಮೂಡಿದ್ದು ನೋಡಿ ಎದ್ದು ಮನೆಗೆಲಸ ಶುರು ಮಾಡಿದವರು ಅವರು. ಕ್ಯಾಲೆಂಡರ್ ನೋಡದೆ ಹುಣ್ಣಿಮೆ ಎಂದು ಎಂಬುದನ್ನು ಹೇಳುವವರು. ಅವರಿಗೆ ಆಕಾಶ ಬರುವುದಿಲ್ಲವೆ? ಸಂಜೆ ಇಬ್ಬರನ್ನೂ ತಾರಸಿಗೆ ಕರೆದೆ. ಒಂದು ಸ್ಲೇಟಿನಲ್ಲಿ ಎರಡು ಪಟ್ಟಿ ಬರೆದೆ. ಎಡಕ್ಕೆ ಅಜ್ಜಿಯ ಒಂಬತ್ತು. ಬಲಕ್ಕೆ ಪುಟ್ಟಿಯ ಎಂಟು: ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್.

“ಎರಡರಲ್ಲೂ ಇರುವುದಕ್ಕೆ ಗೆರೆ ಎಳಿ” ಎಂದೆ. ಪುಟ್ಟಿ ಎಳೆದಳು. ಬುಧ, ಶುಕ್ರ, ಮಂಗಳ, ಗುರು, ಶನಿ. ಐದು ಸರಿ ಹೊಂದಿದವು! ಜಗಳ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ಉಳಿದ ಹೆಸರುಗಳ ವಿಚಾರ ಒಂದೊಂದಾಗಿ ನೋಡೋಣ.

ಗ್ರಹ ಎಂದರೆ ಯಾರು?

ನಿಮ್ಮ ಮನೆಯಲ್ಲಿ ‘ಗಾಡಿ ತೆಗೆದುಕೊಂಡು ಬಾ’ ಎಂದರೆ ಏನು ತರುತ್ತಾರೆ? ಇಂದು ಅಪ್ಪ ಸ್ಕೂಟರ್ ತರುತ್ತಾರೆ. ಮುತ್ತಜ್ಜನ ಕಾಲದಲ್ಲಿ ಅದೇ ಮಾತಿಗೆ ಎರಡು ಎತ್ತು ಹೂಡಿ ತರುತ್ತಿದ್ದರು. ಮುತ್ತಜ್ಜ ಸುಳ್ಳು ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಪದ ಅದೇ ಇದೆ, ಅದರ ಕೆಲಸ ಬದಲಾಗಿದೆ. ‘ಗ್ರಹ’ಕ್ಕೂ ಹೀಗೇ ಆಯಿತು.

ದೂರದರ್ಶಕ ಇಲ್ಲದ ಕಾಲದಲ್ಲಿ ಜನ ರಾತ್ರಿ ರಾತ್ರಿ ಆಕಾಶ ನೋಡಿದರು. ಸಾವಿರಾರು ಚುಕ್ಕಿಗಳು ಒಂದಕ್ಕೊಂದು ಅಂತರ ಬಿಡದೆ, ಹಲಗೆಗೆ ಮೊಳೆ ಹೊಡೆದಂತೆ, ಒಟ್ಟಿಗೇ ಮೂಡಿ ಒಟ್ಟಿಗೇ ಮುಳುಗುತ್ತವೆ. ಆದರೆ ಏಳು ಬೆಳಕುಗಳು ಮಾತ್ರ ಆ ಚುಕ್ಕಿಗಳ ನಡುವೆ ಜಾಗ ಬದಲಿಸುತ್ತ ಹೋಗುತ್ತವೆ: ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ. ಆಕಾಶದಲ್ಲಿ ಹೀಗೆ ಓಡಾಡುವವರೇ ಗ್ರಹಗಳು ಎಂದರು. ಗ್ರೀಸ್ ದೇಶದವರೂ ಇದೇ ಏಳನ್ನು ನೋಡಿ ‘ಅಲೆಮಾರಿಗಳು’ ಎಂದು ಕರೆದರು. ಆ ಗ್ರೀಕ್ ಮಾತೇ ಇಂದಿನ ‘ಪ್ಲಾನೆಟ್’. ವಾರದ ಏಳು ಹೆಸರನ್ನು ಒಮ್ಮೆ ಹೇಳಿ ನೋಡಿ, ಆ ಏಳೂ ಜನ ಸಾಲಾಗಿ ನಿಂತಿದ್ದಾರೆ.

ಆ ಲೆಕ್ಕದಲ್ಲಿ ಅಜ್ಜಿಯ ಪಟ್ಟಿ ಸರಿಯೇ. ಭೂಮಿ ಅದರಲ್ಲಿ ಏಕಿಲ್ಲ? ಓಡಾಡುವವರನ್ನು ಎಣಿಸುತ್ತಿದ್ದ ಮನುಷ್ಯ ಭೂಮಿಯ ಮೇಲೇ ನಿಂತಿದ್ದ. ರೈಲಿನಲ್ಲಿ ಕುಳಿತು ಕಿಟಕಿಯಾಚೆಯ ರೈಲುಗಳನ್ನು ಎಣಿಸುವವನು ತನ್ನ ರೈಲನ್ನು ಎಣಿಸುತ್ತಾನೆಯೆ?

1543ರಲ್ಲಿ ಕೊಪರ್ನಿಕಸ್ ಎಂಬ ಪೋಲೆಂಡಿನ ವಿದ್ವಾಂಸರ ಪುಸ್ತಕ ಹೊರಬಂತು. ನಡುವೆ ಇರುವವನು ಸೂರ್ಯ, ಭೂಮಿಯೂ ಉಳಿದವರ ಹಾಗೆ ಅವನನ್ನು ಸುತ್ತುತ್ತದೆ ಎಂದು ಅದು ಹೇಳಿತು. ಜನ ಒಪ್ಪಲು ಬಹಳ ಕಾಲ ಹಿಡಿಯಿತು. ಒಪ್ಪಿದ ಮೇಲೆ ‘ಗ್ರಹ’ದ ಅರ್ಥ ತಿರುಗಿತು. ಆಕಾಶದಲ್ಲಿ ಓಡಾಡುವುದು ಎಂಬುದರ ಬದಲು ಸೂರ್ಯನನ್ನು ಸುತ್ತುವುದು ಎಂದಾಯಿತು. ಭೂಮಿ ಒಳಗೆ ಬಂತು. ಸೂರ್ಯ, ಚಂದ್ರ ಪಟ್ಟಿಯಿಂದ ಎದ್ದು ಬೇರೆ ಪೀಠಗಳಲ್ಲಿ ಕುಳಿತರು.

ಸೂರ್ಯನ ಪೀಠ: ನಕ್ಷತ್ರ

ತಾನೇ ಉರಿದು ಬೆಳಗುವುದು ನಕ್ಷತ್ರ. ಬೇರೆಯವರ ಬೆಳಕು ಬಿದ್ದು ಹೊಳೆಯುವುದು ಗ್ರಹ. ದೀಪಕ್ಕೂ ದೀಪದ ಮುಂದೆ ಇಟ್ಟ ಹಿತ್ತಾಳೆ ಚೊಂಬಿಗೂ ಇರುವ ವ್ಯತ್ಯಾಸ ಇದು. ಸೂರ್ಯ ಒಂದು ನಕ್ಷತ್ರ. ಉರಿಯುತ್ತದೆ ಎಂದೆನಾದರೂ ಅದು ಸೌದೆಯ ಉರಿಯಲ್ಲ. ಅದರ ಒಡಲಲ್ಲಿ ಹೈಡ್ರೋಜನ್ ಕಣಗಳು ಬೆಸೆದುಕೊಂಡು ಹೀಲಿಯಂ ಆಗುತ್ತವೆ, ಆಗ ಶಕ್ತಿ ಹೊರಬರುತ್ತದೆ. ನಮಗೆ ಕಾಣುವ ಅದರ ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅಡ್ಡಗಲದಲ್ಲಿ 109 ಭೂಮಿಗಳನ್ನು ಸಾಲಾಗಿ ಜೋಡಿಸಬಹುದು. (ಬರಿಗಣ್ಣಿನಲ್ಲಿ ಸೂರ್ಯನನ್ನು ಯಾವತ್ತೂ ದಿಟ್ಟಿಸಬೇಡಿ. ಇದು ಅಜ್ಜಂದಿರಿಗೂ ಅನ್ವಯ.)

“ಹಾಗಾದ್ರೆ ರೋಹಿಣಿ?” ಎಂದರು ಅಜ್ಜಿ. ಒಳ್ಳೆಯ ಪ್ರಶ್ನೆ. ನಕ್ಷತ್ರ ಎಂಬ ಪದಕ್ಕೂ ನಮ್ಮಲ್ಲಿ ಎರಡು ಕೆಲಸ. ಚಂದ್ರ ಸಾಗುವ ದಾರಿಯನ್ನು ಹಿರಿಯರು 27 ಪಾಲು ಮಾಡಿ ಒಂದೊಂದಕ್ಕೂ ಅಲ್ಲಿನ ಚುಕ್ಕಿಯ ಹೆಸರಿಟ್ಟರು. ಸೂರ್ಯ ಒಂದೊಂದು ಪಾಲನ್ನು ದಾಟಲು ಹದಿಮೂರು-ಹದಿನಾಲ್ಕು ದಿನ ತೆಗೆದುಕೊಳ್ಳುತ್ತಾನೆ. ರೈತರು ಹೇಳುವ ರೋಹಿಣಿ ಮಳೆ, ಮೃಗಶಿರ ಮಳೆ ಎಲ್ಲ ಈ ಲೆಕ್ಕವೇ. ಆದರೆ ಆ ಪಾಲಿನಲ್ಲಿ ಕೆಂಪಗೆ ಹೊಳೆಯುವ ರೋಹಿಣಿ ಚುಕ್ಕಿ ಇದೆಯಲ್ಲ, ಅದು ವಿಜ್ಞಾನದ ಅರ್ಥದಲ್ಲೂ ನಕ್ಷತ್ರವೇ, ದೂರದ ಒಂದು ಸೂರ್ಯ.

ಎಷ್ಟು ದೂರ? ಕಿಲೋಮೀಟರಿನಲ್ಲಿ ಬರೆದರೆ ಸೊನ್ನೆಗಳಿಗೆ ಹಾಳೆ ಸಾಲದು. ಅದಕ್ಕೆ ‘ಜ್ಯೋತಿರ್ವರ್ಷ’ ಎಂಬ ಅಳತೆಗೋಲು. ಹೆಸರಿನಲ್ಲಿ ವರ್ಷ ಇದ್ದರೂ ಅದು ಕಾಲವಲ್ಲ, ದೂರ. ಒಂದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಒಂದು ವರ್ಷದಲ್ಲಿ ಸಾಗುವ ದಾರಿ. ‘ನಮ್ಮೂರು ಇಲ್ಲಿಂದ ಎರಡು ಗಂಟೆ ದಾರಿ’ ಎನ್ನುತ್ತೇವಲ್ಲ, ಹಾಗೆ. ಚಂದ್ರನ ಬೆಳಕು ನಮಗೆ ಒಂದೂಕಾಲು ಸೆಕೆಂಡಿನಲ್ಲಿ ತಲುಪುತ್ತದೆ. ಸೂರ್ಯನ ಬೆಳಕು ಎಂಟು ನಿಮಿಷ ಚಿಲ್ಲರೆಯಲ್ಲಿ. ರೋಹಿಣಿಯ ಬೆಳಕು ಸುಮಾರು 65 ವರ್ಷಗಳಲ್ಲಿ.

“ಅಜ್ಜಿ, ನಿಂಗೆ ಎಷ್ಟು ವರ್ಷ?” ಎಂದು ಕೇಳಿದಳು ಪುಟ್ಟಿ. ಮೂರು ದಿನದ ನಂತರ ಅವಳು ಕೇಳಿದ ಮೊದಲ ಪ್ರಶ್ನೆ. ಅಜ್ಜಿಗೆ ಎಪ್ಪತ್ತೆರಡು. ಅಂದರೆ ಇಂದು ರೋಹಿಣಿಯಿಂದ ಬಂದು ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಅಜ್ಜಿಗೆ ಸುಮಾರು ಏಳು ವರ್ಷ, ಲಂಗ ತೊಟ್ಟು ಕುಂಟೆಬಿಲ್ಲೆ ಆಡುತ್ತಿದ್ದ ಕಾಲ.

ಚಂದ್ರನ ಪೀಠ: ಉಪಗ್ರಹ

ಸೂರ್ಯನನ್ನು ಸುತ್ತಿದರೆ ಗ್ರಹ, ಗ್ರಹವನ್ನು ಸುತ್ತಿದರೆ ಉಪಗ್ರಹ. ಚಂದ್ರ ನಮ್ಮ ಉಪಗ್ರಹ, ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಇದಕ್ಕೆ ಕನ್ನಡ ಬಲ್ಲವರಿಗೆ ಪಾಠವೇ ಬೇಡ. ಹಳಗನ್ನಡದಲ್ಲಿ ‘ತಿಂಗಳ್’ ಎಂದರೆ ಚಂದ್ರ. ಅವನ ಒಂದು ಸುತ್ತಿಗೂ ತಿಂಗಳು ಎಂದೇ ಹೆಸರು. ಅವನ ಬಿಳಿ ಬೆಳಕೇ ಬೆಳ್ದಿಂಗಳು. ಸಂಬಳ ಬರುವ ದಿನವನ್ನು ಎಣಿಸುವಾಗಲೂ ನಾವು ಚಂದ್ರನ ಹೆಸರು ಹೇಳುತ್ತಿರುತ್ತೇವೆ.

ಬೇರೆ ಗ್ರಹಗಳಿಗೂ ಚಂದ್ರರಿದ್ದಾರೆ. 1610ರ ಜನವರಿಯಲ್ಲಿ ಗೆಲಿಲಿಯೋ ತಮ್ಮ ಪುಟ್ಟ ದೂರದರ್ಶಕದಲ್ಲಿ ಗುರುವಿನ ಪಕ್ಕ ನಾಲ್ಕು ಚಂದ್ರರನ್ನು ಕಂಡರು. ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎಂಬ ನಂಬಿಕೆಗೆ ಅದು ದೊಡ್ಡ ಪೆಟ್ಟು. ಮನುಷ್ಯರು ಮಾಡಿ ಹಾರಿಸಿದ್ದು ಕೃತಕ ಉಪಗ್ರಹ. ಭಾರತದ ಮೊದಲ ಕೃತಕ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದಲ್ಲಿ. 1975ರ ಏಪ್ರಿಲ್ 19ರಂದು ಅದು ಮೇಲೇರಿತು.

ರಾಹು, ಕೇತು ಎಲ್ಲಿದ್ದಾರೆ?

“ಅವರಿಬ್ಬರೂ ಇಲ್ಲವೇ ಇಲ್ಲ ತಾನೇ?” ಎಂದಳು ಪುಟ್ಟಿ. ಅಜ್ಜಿಯ ಕೈಯಿಂದ ಎರಡು ಬಳೆ ಬಿಚ್ಚಿಸಿಕೊಂಡೆ. ಒಂದರೊಳಗೆ ಇನ್ನೊಂದನ್ನು ತುಸು ಓರೆಯಾಗಿ ತೂರಿಸಿದೆ. ಒಂದು ಬಳೆ ಆಕಾಶದಲ್ಲಿ ನಮಗೆ ಕಾಣುವ ಸೂರ್ಯನ ದಾರಿ. ಇನ್ನೊಂದು ಚಂದ್ರನ ದಾರಿ. ಎರಡಕ್ಕೂ ನಡುವೆ ಸುಮಾರು ಐದು ಡಿಗ್ರಿ ಓರೆ. ಎರಡು ಬಳೆ ಒಂದನ್ನೊಂದು ಎಷ್ಟು ಕಡೆ ದಾಟುತ್ತವೆ? ಎರಡೇ ಕಡೆ, ಅದೂ ಎದುರುಬದುರಾಗಿ. ಆ ಎರಡು ದಾಟುಗಳ ಹೆಸರೇ ರಾಹು ಮತ್ತು ಕೇತು. ಖಗೋಳಶಾಸ್ತ್ರದಲ್ಲಿ ಇವನ್ನು ‘ಪಾತ’ ಎನ್ನುತ್ತಾರೆ.

ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ, ಪ್ರತಿ ಹುಣ್ಣಿಮೆಗೂ ಚಂದ್ರಗ್ರಹಣ ಏಕೆ ಆಗುವುದಿಲ್ಲ ಎಂಬುದಕ್ಕೆ ಉತ್ತರ ಈ ಬಳೆಗಳಲ್ಲಿದೆ. ದಾರಿಗಳು ಓರೆ ಇರುವುದರಿಂದ ಚಂದ್ರ ಸಾಮಾನ್ಯವಾಗಿ ಸ್ವಲ್ಪ ಮೇಲೋ ಕೆಳಗೋ ಜಾರಿಹೋಗುತ್ತಾನೆ. ಅಮಾವಾಸ್ಯೆಯೋ ಹುಣ್ಣಿಮೆಯೋ ಆ ದಾಟಿನ ಹತ್ತಿರವೇ ಬಿದ್ದರೆ ಮಾತ್ರ ಗ್ರಹಣ. ಗ್ರಹಣದ ಹೊತ್ತಿಗೆ ರಾಹುವೋ ಕೇತುವೋ ಅಲ್ಲಿರುತ್ತಾನೆ ಎಂದು ಅಜ್ಜಿ ಹೇಳಿದ್ದರಲ್ಲ, ಲೆಕ್ಕ ಸರಿ. ನುಂಗುವ ಬಾಯಿ ಮಾತ್ರ ಕಥೆಯದು. ಇದನ್ನು ನಮ್ಮ ಹಿರಿಯರೇ ಬಲ್ಲರು. 499ರಲ್ಲಿ, ತಮ್ಮ 23ನೇ ವಯಸ್ಸಿನಲ್ಲಿ, ಆರ್ಯಭಟರು ಬರೆದ ಗ್ರಂಥದಲ್ಲಿ ಸೂರ್ಯನನ್ನು ಮರೆಮಾಡುವವನು ಚಂದ್ರ, ಚಂದ್ರನನ್ನು ಮರೆಮಾಡುವುದು ಭೂಮಿಯ ನೆರಳು ಎಂದು ಹೇಳಿದೆ.

ರಾಹು, ಕೇತುಗಳನ್ನು ಮುಟ್ಟಲಾಗದು, ಫೋಟೋ ತೆಗೆಯಲಾಗದು. ಆದರೆ ಲೆಕ್ಕಕ್ಕೆ ಬೇಕು. ನಾಲ್ಕು ರಸ್ತೆ ಕೂಡುವ ಸರ್ಕಲ್ ಒಂದು ಕಟ್ಟಡವಲ್ಲ, ಆದರೂ ಬಸ್ಸು ಅಲ್ಲಿಗೆ ಹೋಗುತ್ತದೆ ಅಲ್ಲವೆ?

ಉರುಳು ಸೇವೆಯ ಪಾಠ

ಇನ್ನು ಪುಟ್ಟಿಗೆ ಯಾವಾಗಲೂ ಅದಲು ಬದಲಾಗುವ ಎರಡು ಪದಗಳು: ಅಕ್ಷಭ್ರಮಣೆ, ಪರಿಭ್ರಮಣೆ. ಇದನ್ನು ಬಿಡಿಸಿದವರು ಅಜ್ಜಿಯೇ. “ಉರುಳು ಸೇವೆ ಮಾಡೋರು ಏನ್ ಮಾಡ್ತಾರೆ? ತಾವೂ ಉರುಳ್ತಾರೆ, ಗುಡೀನೂ ಸುತ್ತುತಾರೆ” ಎಂದರು. ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ತನ್ನ ಮೈಯನ್ನೇ ತಾನು ಉರುಳಿಸುವುದು ಅಕ್ಷಭ್ರಮಣೆ. ಭೂಮಿಗೆ ಅದರಿಂದ ಹಗಲು, ರಾತ್ರಿ. ಗುಡಿಯ ಸುತ್ತ ಬರುವುದು ಪರಿಭ್ರಮಣೆ. ಅದರಿಂದ ವರ್ಷ, 365 ದಿನ ಮತ್ತು ಸುಮಾರು ಆರು ಗಂಟೆ. ಆ ಆರು ಗಂಟೆ ನಾಲ್ಕು ಸಲ ಸೇರಿ ಫೆಬ್ರುವರಿಗೆ ಒಂದು ದಿನ ಹೆಚ್ಚಾಗುತ್ತದೆ.

ಉರುಳುವಾಗ ನಡುವೆ ಇರುವ ಕಾಣದ ಕಡ್ಡಿ ‘ಅಕ್ಷ’. ಬಂಡಿಯ ಚಕ್ರದ ನಡುವಿನ ಅಚ್ಚನ್ನು ನೆನೆಯಿರಿ. ಸುತ್ತುವ ದಾರಿ ‘ಕಕ್ಷೆ’. ಭೂಮಿಯ ಅಕ್ಷ ನೆಟ್ಟಗಿಲ್ಲ, ಇಪ್ಪತ್ತಮೂರೂವರೆ ಡಿಗ್ರಿ ಓರೆ. ಬೇಸಿಗೆ, ಚಳಿಗಾಲ ಬರುವುದು ಈ ಓರೆಯಿಂದ. ಸೂರ್ಯನಿಗೆ ಹತ್ತಿರ ಹೋದಾಗ ಬೇಸಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ನಾವು ಕಂಬಳಿ ಹೊದ್ದಿರುವಾಗ!

ಒಬ್ಬೊಬ್ಬರ ವರ್ಷ ಒಂದೊಂದು ಉದ್ದ. ಬುಧನಿಗೆ ನಮ್ಮ 88 ದಿನ, ಶುಕ್ರನಿಗೆ 225, ಮಂಗಳನಿಗೆ 687. ಗುರುವಿಗೆ ಸುಮಾರು 12 ವರ್ಷ, ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಯುರೇನಸ್‌ಗೆ 84, ನೆಪ್ಚೂನ್‌ಗೆ ಸುಮಾರು 165. ಶುಕ್ರನದು ವಿಚಿತ್ರ. ಒಂದು ಸಲ ಉರುಳಲು ಅವನಿಗೆ 243 ದಿನ ಬೇಕು. ಸುತ್ತುವುದಕ್ಕಿಂತ ಉರುಳುವುದೇ ನಿಧಾನ, ಅದೂ ಉಲ್ಟಾ!

ಶನಿಯ ಲೆಕ್ಕವೂ ಅಜ್ಜಿಗೆ ಗೊತ್ತಿತ್ತು. ‘ಏಳೂವರೆ ಶನಿ’ ಎಂಬ ಮಾತು ಕೇಳಿದ್ದೀರಲ್ಲ. ಮೂವತ್ತು ವರ್ಷದ ಹತ್ತಿರದ ಸುತ್ತನ್ನು ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದಕ್ಕೆ ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ಅವನ ‘ಶನೈಶ್ಚರ’ ಎಂಬ ಹೆಸರಿಗೇ ಮೆಲ್ಲಗೆ ನಡೆಯುವವನು ಎಂದು ಅರ್ಥ. ಶನಿ ನಮಗೆ ಏನು ಮಾಡುತ್ತಾನೆ ಎಂಬುದು ಖಗೋಳಶಾಸ್ತ್ರದ ವಿಷಯವಲ್ಲ. ಶನಿ ತಾನು ಏನು ಮಾಡುತ್ತಾನೆ ಎಂಬುದಷ್ಟೇ ಅದರ ವಿಷಯ. ಅದನ್ನು ಹಿರಿಯರು ಬರಿಗಣ್ಣಿನಲ್ಲಿ ನೋಡಿ, ತಲೆಮಾರುಗಳ ಕಾಲ ಎಣಿಸಿ, ಕಂಡುಕೊಂಡಿದ್ದರು.

ಪುಟ್ಟಿಯ ಪಟ್ಟಿಯ ಹೊಸಬರು

ಯುರೇನಸ್, ನೆಪ್ಚೂನ್ ಅಜ್ಜಿಯ ಪಟ್ಟಿಯಲ್ಲಿಲ್ಲ. ಇರಲು ಸಾಧ್ಯವಿಲ್ಲ. 1781ರಲ್ಲಿ ವಿಲಿಯಂ ಹರ್ಷೆಲ್ ದೂರದರ್ಶಕದಲ್ಲಿ ಯುರೇನಸ್ ಕಂಡರು. ಅದು ಲೆಕ್ಕ ಹಾಕಿದ ದಾರಿಯಲ್ಲಿ ಸರಿಯಾಗಿ ನಡೆಯದಿದ್ದುದರಿಂದ, ಆಚೆಗೆ ಯಾರೋ ಎಳೆಯುತ್ತಿದ್ದಾರೆ ಎಂದು ಗಣಿತಜ್ಞರು ಊಹಿಸಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಕಣ್ಣಿಗಿಂತ ಮೊದಲು ಕಾಗದದ ಮೇಲೆ ಸಿಕ್ಕ ಗ್ರಹ ಅದು.

ಈಗ ಅಪ್ಪ, ಅಮ್ಮಂದಿರು ಕೇಳುತ್ತಾರೆ: “ನಾವು ಓದುವಾಗ ಪ್ಲೂಟೊ ಇತ್ತಲ್ಲ?” ಇತ್ತು. 1930ರಲ್ಲಿ ಅಮೆರಿಕದ ಕ್ಲೈಡ್ ಟಾಂಬೋ ಅದನ್ನು ಕಂಡುಹಿಡಿದರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಅಜ್ಜ ಬೆಳಗಿನ ತಿಂಡಿಯ ಹೊತ್ತಿಗೆ ಪತ್ರಿಕೆ ಓದುತ್ತ ಆ ಸುದ್ದಿಯನ್ನು ಮೊಮ್ಮಗಳಿಗೆ ಹೇಳಿದರು. ಹನ್ನೊಂದು ವರ್ಷದ ಆ ಹುಡುಗಿ, ವೆನೀಶಿಯಾ ಬರ್ನಿ, ಪುರಾಣಕಥೆಗಳನ್ನು ಓದಿದ್ದಳು. ಕತ್ತಲ ಪಾತಾಳದ ದೇವರ ಹೆಸರು ನೆನೆದು “ಪ್ಲೂಟೊ ಎನ್ನಬಹುದಲ್ಲ?” ಎಂದಳು. ಅಜ್ಜ ಅದನ್ನು ಮಕ್ಕಳ ಮಾತೆಂದು ತಳ್ಳಲಿಲ್ಲ. ತಮ್ಮ ಪರಿಚಯದ ಖಗೋಳ ವಿಜ್ಞಾನಿಗೆ ತಿಳಿಸಿದರು. ಅವರು ಅಮೆರಿಕಕ್ಕೆ ತಂತಿ ಕಳಿಸಿದರು. ಹೆಸರು ನಿಂತಿತು. ಅಜ್ಜ-ಮೊಮ್ಮಗಳು ತಿಂಡಿಯ ಮೇಜಿನಲ್ಲಿ ಆಡಿದ ಮಾತು ಆಕಾಶಕ್ಕೆ ಹೋಯಿತು, ನೋಡಿ.

2006ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಜಗತ್ತಿನ ಖಗೋಳ ವಿಜ್ಞಾನಿಗಳು ಸೇರಿ ‘ಗ್ರಹ’ಕ್ಕೆ ಮೂರು ಷರತ್ತು ಹಾಕಿದರು. ಒಂದು, ಸೂರ್ಯನನ್ನು ಸುತ್ತಬೇಕು. ಎರಡು, ತನ್ನದೇ ಗುರುತ್ವದಿಂದ ಉಂಡೆಯಾಗುವಷ್ಟು ತೂಕ ಇರಬೇಕು. ಮೂರು, ತನ್ನ ಕಕ್ಷೆಯ ಸುತ್ತಮುತ್ತ ತನ್ನಂಥ ಬೇರೆಯವರು ಇರದಂತೆ ಗುಡಿಸಿಕೊಂಡಿರಬೇಕು. ಪ್ಲೂಟೊ ಮೂರನೆಯದರಲ್ಲಿ ಸೋತಿತು. ಅದು ‘ಕುಬ್ಜ ಗ್ರಹ’ವಾಯಿತು. ಸಿರಿಸ್, ಏರಿಸ್, ಹೌಮಿಯಾ, ಮಾಕೆಮಾಕೆ ಅದರ ಜೊತೆಗಾರರು.

ಅಂದರೆ ಪುಟ್ಟಿಯ ಅಮ್ಮ ಪರೀಕ್ಷೆಯಲ್ಲಿ ‘ಒಂಬತ್ತು’ ಎಂದು ಬರೆದು ಪೂರ್ತಿ ಅಂಕ ಪಡೆದಿದ್ದರು. ಅದೇ ಉತ್ತರಕ್ಕೆ ಇಂದು ಅಂಕ ಹೋಗುತ್ತದೆ. ಒಂದೇ ಮನೆಯಲ್ಲಿ ಮೂರು ತಲೆಮಾರು, ಮೂರು ಪಟ್ಟಿ! ಯಾರೂ ಸುಳ್ಳರಲ್ಲ.

ಸಣ್ಣವರ ಸಂತೆ

ಮಂಗಳ ಮತ್ತು ಗುರುವಿನ ಕಕ್ಷೆಗಳ ನಡುವೆ ಲಕ್ಷಾಂತರ ಬಂಡೆಗಳು ಸುತ್ತುತ್ತಿವೆ. ಅವು ಕ್ಷುದ್ರಗ್ರಹಗಳು. ಕ್ಷುದ್ರ ಎಂದರೆ ಇಲ್ಲಿ ಕೆಟ್ಟದ್ದಲ್ಲ, ಸಣ್ಣದು ಎಂದಷ್ಟೆ. ಮಂಜು, ದೂಳು ಕಲಸಿದ ಉಂಡೆ ದೂರದಿಂದ ಬಂದು, ಸೂರ್ಯನ ಬಿಸಿಗೆ ಆವಿಯ ಬಾಲ ಬಿಟ್ಟರೆ ಅದು ಧೂಮಕೇತು, ನಮ್ಮ ಹಳ್ಳಿಯ ಬಾಲಚುಕ್ಕಿ. ಬಾಲ ಯಾವಾಗಲೂ ಸೂರ್ಯನಿಂದ ದೂರಕ್ಕೆ ಚಾಚುತ್ತದೆ. ಮರಳುವಾಗ ಪಾಪ, ಬಾಲ ಮುಂದು, ತಲೆ ಹಿಂದು.

‘ನಕ್ಷತ್ರ ಬಿತ್ತು’ ಎನ್ನುತ್ತೇವಲ್ಲ, ಬೀಳುವುದು ನಕ್ಷತ್ರವಲ್ಲ. ಹೆಚ್ಚಾಗಿ ಮರಳಿನ ಕಾಳಿನಷ್ಟು ದೂಳು ಗಾಳಿಗೆ ನುಗ್ಗಿ ಉರಿಯುವ ಗೆರೆ ಅದು, ಹೆಸರು ಉಲ್ಕೆ. ಉರಿದು ಮುಗಿಯದೆ ನೆಲ ಮುಟ್ಟಿದ್ದು ಉಲ್ಕಾಶಿಲೆ. ಮಹಾರಾಷ್ಟ್ರದ ಲೋಣಾರ್ ಕೆರೆ ಅಂಥದೊಂದು ಬಿದ್ದು ಆದ ಗುಂಡಿ, ಅಡ್ಡಗಲ ಸುಮಾರು 1.8 ಕಿಲೋಮೀಟರ್.

ಅಜ್ಜಿಯ ಪ್ರಶ್ನೆ

ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಪುಟ್ಟಿ ಸ್ಲೇಟನ್ನು ನೋಡುತ್ತ ಕುಳಿತಿದ್ದಳು. “ಮೇಡಂ ಹಾಕಿದ ಸೊನ್ನೆ ಸರಿ. ಪ್ರಶ್ನೇಲಿ ಸೌರಮಂಡಲ ಅಂತ ಇತ್ತು” ಎಂದಳು. ಸ್ವಲ್ಪ ತಡೆದು, “ಅಜ್ಜಿ ಹೇಳಿದ್ದೂ ಸುಳ್ಳಲ್ಲ. ನಾನು ಕೇಳಿದ್ದೇ ಅರ್ಧ ಪ್ರಶ್ನೆ” ಎಂದಳು. ಅಜ್ಜಿ ಅದಕ್ಕೆ ಏನೂ ಹೇಳಲಿಲ್ಲ. ಬಳೆ ತೊಟ್ಟುಕೊಳ್ಳುತ್ತ ಬೇರೆಯದೇ ಕೇಳಿದರು:

“ಅಲ್ಲಾ ಪುಟ್ಟೀ, ಭೂಮೀನೂ ಒಂದು ಗ್ರಹ ಅಂದ್ರೆ, ಮಂಗಳದಲ್ಲಿ ನಿಂತು ನೋಡಿದೋರಿಗೆ ನಾವು ಚುಕ್ಕಿ ಆಗಿ ಕಾಣ್ತೀವಾ?”

ಪುಟ್ಟಿ ನನ್ನ ಮುಖ ನೋಡಿದಳು. ಅವಳ ಪುಸ್ತಕದಲ್ಲಿ ಅದು ಇರಲಿಲ್ಲ. ಕಾಣುತ್ತೇವೆ, ಅಜ್ಜಿ. ಮಂಗಳದ ನೆಲದಲ್ಲಿ ಓಡಾಡುವ ಕ್ಯೂರಿಯಾಸಿಟಿ ಎಂಬ ಯಂತ್ರ 2014ರಲ್ಲಿ ಸಂಜೆಯ ಆಕಾಶದ ಫೋಟೋ ತೆಗೆದು ಕಳಿಸಿತು. ಅದರಲ್ಲಿ ನಾವೆಲ್ಲ ಇದ್ದೇವೆ, ನಮ್ಮ ಗುಡಿ, ಶಾಲೆ, ಹಾಲಿನ ಅಂಗಡಿ ಎಲ್ಲ ಸೇರಿ ಒಂದು ಪುಟ್ಟ ಹೊಳೆಯುವ ಚುಕ್ಕಿ. ನಮಗೆ ಶುಕ್ರ ಹೇಗೋ, ಅಲ್ಲಿಗೆ ನಾವು ಹಾಗೆ. ಅಲ್ಲಿನ ಬೆಳ್ಳಿ ನಾವೇ.

“ಹಂಗಾರೆ ಅಲ್ಲೂ ಯಾರಾದ್ರೂ ಇದ್ದಿದ್ರೆ ನಮ್ಮನ್ನ ನೋಡಿ ಎದ್ದು ಕಸ ಗುಡಿಸ್ತಿದ್ರು” ಎಂದರು ಅಜ್ಜಿ. ಪುಟ್ಟಿ ನಕ್ಕಳು. ನಾನು ಕೆಳಗಿಳಿದು ಬಂದೆ. ಮೇಲಿನಿಂದ ಕಥೆಯ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಈ ವಾರದ ಪದಗಂಟು

ನಕ್ಷತ್ರ: ತಾನೇ ಬೆಳಗುವುದು.
ಗ್ರಹ: ಸೂರ್ಯನನ್ನು ಸುತ್ತುವ, ದುಂಡಗಿರುವ, ತನ್ನ ದಾರಿ ಗುಡಿಸಿಕೊಂಡದ್ದು.
ಕುಬ್ಜ ಗ್ರಹ: ದುಂಡಗಿದ್ದರೂ ದಾರಿ ಗುಡಿಸಿಕೊಳ್ಳದ್ದು.
ಉಪಗ್ರಹ: ಗ್ರಹವನ್ನು ಸುತ್ತುವುದು.
ಅಕ್ಷ: ಉರುಳುವಾಗ ನಡುವೆ ಇರುವ ಕಾಣದ ಕಡ್ಡಿ.
ಕಕ್ಷೆ: ಸುತ್ತುವ ದಾರಿ.
ಪಾತ: ಸೂರ್ಯನ, ಚಂದ್ರನ ದಾರಿಗಳು ದಾಟುವ ಜಾಗ.
ಉಲ್ಕೆ: ಗಾಳಿಯಲ್ಲಿ ಉರಿಯುವ ದೂಳು.
ಜ್ಯೋತಿರ್ವರ್ಷ: ಬೆಳಕಿನ ಒಂದು ವರ್ಷದ ದಾರಿ.

ಇಬ್ಬರೂ ಸೇರಿ ಮಾಡುವ ಕೆಲಸ

16 ಸೆಂಟಿಮೀಟರ್ ಅಡ್ಡಗಲದ ಪುಟ್ಟ ಕುಂಬಳಕಾಯಿ ತನ್ನಿ. ಅದು ಸೂರ್ಯ. ಅಜ್ಜಿಯ ಡಬ್ಬಿಯಿಂದ ಒಂದು ರಾಗಿ ಕಾಳು ತೆಗೆಯಿರಿ. ಅದು ಭೂಮಿ. ಕುಂಬಳಕಾಯಿಯನ್ನು ಬಾಗಿಲಲ್ಲಿಟ್ಟು, ದೊಡ್ಡವರ ಇಪ್ಪತ್ತೈದು ಹೆಜ್ಜೆ, ಅಂದರೆ ಸುಮಾರು 17 ಮೀಟರ್ ನಡೆದು ರಾಗಿ ಇಡಿ. ಒಂದು ಗೋಲಿ ಗುರುವಾಗುತ್ತದೆ, ಅದನ್ನು 90 ಮೀಟರ್ ಆಚೆ ಇಡಿ. ನೆಪ್ಚೂನ್ ಇಡಲು ಅರ್ಧ ಕಿಲೋಮೀಟರ್ ಹೋಗಬೇಕು. ಸೂರ್ಯನ ನಂತರದ ಅತಿ ಹತ್ತಿರದ ನಕ್ಷತ್ರ? ಇದೇ ಅಳತೆಯಲ್ಲಿ ಇನ್ನೊಂದು ಕುಂಬಳಕಾಯಿಯ ಬದಲು ಒಂದು ಪುಟ್ಟ ಕಾಯಿ, ಸುಮಾರು 4,600 ಕಿಲೋಮೀಟರ್ ಆಚೆ. ಕನ್ಯಾಕುಮಾರಿಯಿಂದ ಕಾಶ್ಮೀರದ ತುದಿಗೆ ಹೋದರೂ ಸಾಲದು!

ಕೊನೆಗೆ ಒಂದು ಕೆಲಸ. 1986ರಲ್ಲಿ ಹ್ಯಾಲಿ ಧೂಮಕೇತು ಬಂದಿತ್ತು. ಅಜ್ಜ-ಅಜ್ಜಿಯರು ಅದನ್ನು ನೋಡಿದ್ದರೆ, ನೋಡಲು ಹೋಗಿ ಮೋಡ ಕಂಡು ಬಂದಿದ್ದರೂ ಸರಿ, ಆ ಕಥೆ ಕೇಳಿ ಬರೆದಿಡಿ, ಮಕ್ಕಳೇ. ಅದು ಮತ್ತೆ ಬರುವುದು 2061ರಲ್ಲಿ. ಆಗ ನೀವು ಇಂದಿನ ನಿಮ್ಮ ಅಮ್ಮನಿಗಿಂತ ದೊಡ್ಡವರಾಗಿರುತ್ತೀರಿ. ಯಾವುದೋ ತಾರಸಿಯ ಮೇಲೆ ನಿಮ್ಮ ಪಕ್ಕದಲ್ಲಿ ಕುಳಿತ ಮಗುವಿಗೆ ಹೇಳಲು ಆ ಕಥೆ ಬೇಕಾಗುತ್ತದೆ.